ಅಕ್ಕನ ಚಹಾಕ್ಕೆ ಎಂಟ್ ಕಾಫಿ ನೀರು

ಗಜೇಂದ್ರಗಡ, ಹೊರಡುವ ಮುನ್ನ

ಜರ್ಮನಿಗೆ ಹೋದವರು ಕೋಟೆ ನೋಡಿ ಬರುತ್ತಾರೆ, ಚರ್ಚು ನೋಡಿ ಬರುತ್ತಾರೆ, ಬರ್ಲಿನ್ನಿನ ಒಡೆದ ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ನಾನು ನೋಡಿ ಬಂದದ್ದು ಬಹುಮಟ್ಟಿಗೆ ಚಹಾದ ಕಪ್ಪುಗಳ ತಳವನ್ನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ "ಟೀಚರ, ಗೋಡಿ ಸುದ್ದೀನ ಇಲ್ಲಲ್ರೀ" ಎಂದು ಯಾರೂ ತಕರಾರು ತೆಗೆಯಬಾರದು. ಗೋಡೆಯ ಸುದ್ದಿ ಇದೆ, ಆದರೆ ಅದು ನಮ್ಮ ಮನೆಯ ಗೋಡೆ.

ನಮ್ಮದು ಗಜೇಂದ್ರಗಡದ ಪೇಟೆಯಲ್ಲಿ ಕೈಮಗ್ಗದ ಸೀರೆಯ ಅಂಗಡಿ. ಅಂಗಡಿ ಅಣ್ಣತಮ್ಮಂದಿರಿಬ್ಬರದು. ನಮ್ಮ ಭಾವನವರು ಹಿರಿಯರು, ನಮ್ಮ ಮನೆಯವರು ಕಿರಿಯರು. ಅಂಗಡಿ ಇವತ್ತಿಗೂ ಒಂದೇ, ಮನೆ ಮಾತ್ರ ಕೆಲವು ವರ್ಷಗಳ ಹಿಂದೆ ಎರಡಾಯಿತು. ಜಗಳವೇನಿಲ್ಲ. ಸೊಸೆಯಂದಿರು ಬಂದರು, ಒಂದು ಅಡುಗೆಮನೆಯಲ್ಲಿ ಅಷ್ಟು ಜನ ಹಿಡಿಸಲಿಲ್ಲ. ನಡುವೆ ಗೋಡೆ ಎದ್ದಿತು, ಗೋಡೆಗೊಂದು ಬಾಗಿಲು ಇಟ್ಟೆವು, ಒಲೆ ಬೇರೆಯಾದವು. ಸಂಜೆಯ ಚಹಾ ಒಂದು ಮಾತ್ರ ಪಾಲಾಗಲಿಲ್ಲ.

ಭಾವನವರ ಹೆಂಡತಿ, ಅಂದರೆ ನನ್ನ ನೆಗೆಣ್ಣಿ ನೀಲಕ್ಕನನ್ನು ನಾನು ಮದುವೆಯಾಗಿ ಬಂದ ದಿನದಿಂದ ಅಕ್ಕಾರ ಎಂದೇ ಕರೆಯುವುದು. ಪಾಲಿನಲ್ಲಿ ಹಿತ್ತಲ ಎಮ್ಮೆ ನಮ್ಮ ಕಡೆ ಬಂತು, ಚಹಾ ಮಾಡುವ ಕೈ ಅವರ ಕಡೆ ಹೋಯಿತು. ಹೀಗಾಗಿ ಸಂಜೆ ಆಯಿತೆಂದರೆ ನಾನು ತಂಬಿಗೆಯಲ್ಲಿ ಹಾಲು ಹಿಡಿದು ಆ ಬಾಗಿಲು ದಾಟುವುದು, ಅಕ್ಕ ಶುಂಠಿ ಜಜ್ಜಿ ಪುಡಿ ಹಾಕಿ ಕುದಿಸುವುದು, ಇಬ್ಬರೂ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಕಪ್ಪಿನ ಕೆಳಗಿನ ಬಸಿಗೆ ಹೊಯ್ದುಕೊಂಡು ಕುಡಿಯುವುದು. ರೋಣದ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದಾಗ, ಬಸ್ಸಿಳಿದು ಸೀದಾ ಆ ಪಡಸಾಲೆಗೇ ಹೋಗುತ್ತಿದ್ದೆ. ಚಪ್ಪಲಿ ಅಲ್ಲಿ ಬಿಚ್ಚಿ, ಸಾಲಿಯ ಸುದ್ದಿಯೆಲ್ಲ ಅಲ್ಲಿ ಕಕ್ಕಿ, ಆಮೇಲೆ ನನ್ನ ಮನೆ.

ಹೋದ ವರ್ಷ ಅಕ್ಕನ ಎದೆ ಢವಢವ ಹೊಡೆದುಕೊಳ್ಳಲು ಶುರುಮಾಡಿತು. ಭಾವನವರು ಗದಗಿನ ದವಾಖಾನೆಗೆ ಕರೆದುಕೊಂಡು ಹೋದರು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಹೆದರುವಂಥದ್ದೇನಿಲ್ಲ, ಆದರೆ ಚಹಾ ಬಿಡಬೇಕು ಅಂದರಂತೆ. ತೀರಾ ತಡೆಯಲಾಗದಿದ್ದರೆ ಡಿಕ್ಯಾಫ್ ಬ್ಲ್ಯಾಕ್ ಟೀ ಸಿಕ್ಕರೆ ಸ್ವಲ್ಪ ಕುಡಿಯಬಹುದು ಅಂದರಂತೆ. ಅಕ್ಕ ಮನೆಗೆ ಬಂದು ಬಾಗಿಲಲ್ಲೇ ಸಾರಿದರು: "ಡಾಕ್ಟರು ನನಗ ಡಿಕಾಕ್ಷನ್ ಟೀ ಕುಡಿ ಅಂದಾರವಾ!"

ಡಿಕಾಕ್ಷನ್ ಎಂದರೆ ನಮ್ಮಲ್ಲಿ ಗೊತ್ತಲ್ಲ, ಪುಡಿ ಕುದಿಸಿ ಇಳಿಸಿದ ಗಟ್ಟಿ ರಸ. ಅಕ್ಕ ಒಂದಕ್ಕೆರಡು ಪುಡಿ ಹಾಕಿ, ಪಾತ್ರೆಯ ತಳ ಕಾಣುವವರೆಗೆ ಕುದಿಸಿ, ಮೂಗು ಹಿಡಿದುಕೊಂಡು, ಔಷಧವೆಂದು ಹೊತ್ತು ಹೊತ್ತಿಗೆ ಕುಡಿದರು. ಎದೆ ಮಗ್ಗದ ಲಾಳಿಯ ಹಾಗೆ ಅತ್ತಿಂದಿತ್ತ ಓಡತೊಡಗಿತು. ಮುಂದಿನ ಸಲ ನಾನೂ ಜೊತೆಗೆ ಹೋದೆ. ಡಾಕ್ಟರು ಕೇಳಿ ತಲೆ ಹಿಡಿದುಕೊಂಡು ಕುಳಿತರು.

ಡಿಕ್ಯಾಫ್ ಎಲ್ಲಿ, ಡಿಕಾಕ್ಷನ್ ಎಲ್ಲಿ! ನಾನು ನಕ್ಕಿದ್ದೇ ನಕ್ಕಿದ್ದು. ನರಗುಂದದ ತವರಿಗೆ ಹೋದಾಗ ಅಲ್ಲಿ ಹೇಳಿದೆ, ರೋಣಕ್ಕೆ ಹೋದಾಗ ಹಳೆಯ ಟೀಚರುಗಳಿಗೆಲ್ಲ ಹೇಳಿದೆ. ಅಕ್ಕನನ್ನು ಕೂಡ್ರಿಸಿ ಪಾಠ ಮಾಡಿದೆ. "ಅಕ್ಕಾರ, ಡಿಕ್ಯಾಫ್ ಅಂದ್ರ ಚಾದಾಗಿನ ಕೆಫೀನ್ ತಗದದ್ದು. ಬ್ಲ್ಯಾಕ್ ಅಂದ್ರ ಹಾಲ ಇಲ್ಲದ್ದು. ಎರಡೂ ಕೂಡಿರಬೇಕು, ತಿಳೀತ?" ಅಕ್ಕ ತಿಳಿಯಿತೆಂದು ತಲೆಯಾಡಿಸಿದರು.

ತಿಳಿದರೇನು, ಅದು ಸಿಗಬೇಕಲ್ಲ? ಗದಗಿನಲ್ಲಿ ಕೇಳಿದರೆ ಗ್ರೀನ್ ಟೀ ಕೊಟ್ಟರು. ಹುಬ್ಬಳ್ಳಿಯಲ್ಲಿ ಕೇಳಿದರೆ ತೂಕ ಇಳಿಸುವ ಪುಡಿ ಕೊಟ್ಟರು. ಕಡೆಗೆ ಮೊಬೈಲಿನಲ್ಲಿ ತರಿಸಿದ ಒಂದು ಡಬ್ಬಿ ಬಂತು. ಹಾಲಿಲ್ಲದೆ ಮಾಡಿ ಕೊಟ್ಟೆ. ಅಕ್ಕ ಒಂದು ಗುಟುಕು ಕುಡಿದು ಕಪ್ಪು ಕೆಳಗಿಟ್ಟರು.

"ಪಾತ್ರಿ ತೊಳದ ನೀರಿಗೆ ಬಣ್ಣಾ ಹಚ್ಚಿದಂಗ ಐತಿ. ಬ್ಯಾಡ ಬಿಡವಾ, ಇನ್ನ ಚಾದ ಸುದ್ದೀನ ತಗೀಬ್ಯಾಡ."

ಅಂದಿನಿಂದ ಅಕ್ಕ ಚಹಾ ಬಿಟ್ಟರು, ಅದರ ಜೊತೆಗೆ ಜನರನ್ನೂ ಬಿಟ್ಟರು. ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲು ಚಹಾ, ಆಮೇಲೆ ಮಾತು. ಬೇಡ ಅಂದರೆ "ಯಾಕ್ರೀ, ನಮ್ಮನಿ ಚಾ ಆಗಂಗಿಲ್ಲೇನ?" ಎಂದು ಮುಖ ಸಣ್ಣದು ಮಾಡುತ್ತಾರೆ. ಪುರ್ತಗೇರಿಯ ಬೀಗರ ಮನೆಯ ಬಸುರಿಯ ಕುಬಸಕ್ಕೆ ಅಕ್ಕ ಹೋಗಲಿಲ್ಲ. ತವರೂರು ಜಕ್ಕಲಿಗೂ ಹೋಗುವುದು ನಿಂತಿತು. "ಎಲ್ಲಾರೂ ಸುರ್ ಅಂತ ಕುಡೀಬೇಕು, ನಾ ಬಾಯಿ ನೋಡ್ಕೋತ ಕುಂಡರಬೇಕು, ಯಾರಿಗೆ ಬೇಕಾಗೇತಿ?" ಎಂದರು. ಸಂಜೆ ಆ ಬಾಗಿಲಿನ ಅಗಳಿ ಬೀಳತೊಡಗಿತು. ನನ್ನ ತಂಬಿಗೆಯ ಹಾಲು ಮೊಸರಾಯಿತು. ಮನೆ ತುಂಬ ಮೊಸರು. ಹೇಳಲು ನಾಚಿಕೆಯೇನು, ನನಗೆ ಅಕ್ಕ ಇಲ್ಲದ ಸಂಜೆ ಹೇಗೆ ಕಳೆಯಬೇಕೆಂಬುದೇ ತಿಳಿಯದೆ ಅಳು ಬರುತ್ತಿತ್ತು.

ಇಂಥ ಹೊತ್ತಿನಲ್ಲಿ ಜರ್ಮನಿಯ ಉತ್ತರದ ಒಂದು ಸಣ್ಣ ಊರಿನಿಂದ ನಮ್ಮ ಮನೆಯವರಿಗೆ ಕರೆ ಬಂತು. ಅಲ್ಲಿ ಕೈಮಗ್ಗದ ಮೇಳವಂತೆ, ಗಜೇಂದ್ರಗಡದ ಸೀರೆ ತಂದು ತೋರಿಸಬೇಕಂತೆ, ಹೆಂಡತಿಯನ್ನೂ ಕರೆತರಬಹುದಂತೆ. ಹೊರಡುವ ದಿನ ಅಕ್ಕ ಕೈಯಲ್ಲಿ ಚುರುಮುರಿಯ ಗಂಟು ಇಟ್ಟು, ಎಮ್ಮೆಯ ಕಡೆ ನೋಡುತ್ತ ಹೇಳಿದರು: "ಹೋಗಿ ಬಾ. ಆ ದೇಶದಾಗರ ನನ್ನ ಚಾ ಐತೇನ ನೋಡು."

ಫ್ರಾಂಕ್‌ಫರ್ಟ್

ವಿಮಾನದಲ್ಲೇ ಕೆಲಸ ಶುರುಮಾಡಿದೆ. ಗಗನಸಖಿ ಬಂದು ಟೀಯೋ ಕಾಫಿಯೋ ಎಂದು ಕೇಳಿದಳು. ಕೆಫೀನ್ ಇಲ್ಲದ ಬ್ಲ್ಯಾಕ್ ಟೀ ಇದೆಯೇ ಎಂದು ನಾನು ಕೇಳಿದೆ. ಅವಳು ಬಹಳ ಹೊತ್ತು ಯೋಚಿಸಿ ಬಿಸಿನೀರು ತಂದುಕೊಟ್ಟಳು. ಕೆಫೀನ್ ಇರಲಿಲ್ಲ, ಅದಂತೂ ನಿಜ.

ಫ್ರಾಂಕ್‌ಫರ್ಟಿನ ರೈಲು ನಿಲ್ದಾಣದ ಅಂಗಡಿಯಲ್ಲಿ ಒಂದು ಗೋಡೆ ಪೂರ್ತಿ ಟೀ ಡಬ್ಬಿಗಳು. ಜೀವ ತಂಪಾಯಿತು. ಹತ್ತಿರ ಹೋಗಿ ನೋಡಿದರೆ ಒಂದರ ಮೇಲೆ ಪುದೀನ, ಒಂದರ ಮೇಲೆ ಸೇಬು, ಒಂದರ ಮೇಲೆ ಸೋಂಪು, ಒಂದರ ಮೇಲೆ ಯಾವುದೋ ಬೇಲಿಯ ಹೂವು. ಈ ದೇಶದಲ್ಲಿ ಬಿಸಿನೀರಿಗೆ ಏನು ಬಿದ್ದರೂ ಅದು ಟೀ.

"ಇದೆಲ್ಲಾ ಕಷಾಯ ಐತಲ್ಲ," ಅಂದರು ನಮ್ಮ ಮನೆಯವರು. "ನಮ್ಮವ್ವ ನೆಗಡಿ ಬಂದ್ರ ಮಾಡತಿದ್ಲು. ಇವ್ರಿಗೆ ವರ್ಷಾನಗಟ್ಲೆ ನೆಗಡಿ ಇರತೈತೇನ?"

ಅಂಗಡಿಯ ಹುಡುಗಿ ಒಂದು ಮಾತು ಹೇಳಿಕೊಟ್ಟಳು. ಕೆಫೀನ್ ತೆಗೆದದ್ದಕ್ಕೆ ಜರ್ಮನ್ ಭಾಷೆಯಲ್ಲಿ "ಎಂಟ್‌ಕೊಫೈನೀರ್ಟ್" ಅನ್ನಬೇಕಂತೆ. ಇಂಗ್ಲಿಷ್ ಟೀಚರಾದ ನನ್ನ ನಾಲಿಗೆ ಅದರ ಮೇಲೆ ಎಡವಿ ಬಿತ್ತು. ನಮ್ಮ ಮನೆಯವರು ಕಣ್ಣು ಮುಚ್ಚಿ ಎರಡು ಸಲ ಗುನುಗಿ, "ಇದರಾಗ ಏನ್ ಐತಿ? ಎಂಟ್ ಕಾಫಿ ನೀರು, ಕಡೀಗೊಂದು ಟ್. ಎಂಟ್ ಕಾಫಿ ನೀರ್ಟ್!" ಅಂದರು. ಹುಡುಗಿ ಚಪ್ಪಾಳೆ ತಟ್ಟಿ, ಬಹಳ ಚಂದ ಹೇಳಿದಿರಿ ಅಂದಳು.

ಆ ಹೊಗಳಿಕೆ ಅವರ ತಲೆಗೇರಿತು. ನೀ ಇಲ್ಲೇ ಕೂಡು ಎಂದು ನನ್ನನ್ನು ಸಾಮಾನಿನ ಹತ್ತಿರ ಕೂಡ್ರಿಸಿ, ಎದುರಿನ ಚಹಾದಂಗಡಿಗೆ ನಡೆದರು. ಎರಡು ಬೆರಳು ಎತ್ತಿ, ಎದೆಯುಬ್ಬಿಸಿ, "ಎಂಟ್ ಕಾಫಿ ನೀರ್ಟ್" ಅಂದದ್ದು ನನಗೆ ಕುಳಿತಲ್ಲಿಗೇ ಕೇಳಿಸಿತು. ಎರಡು ದೊಡ್ಡ ಲೋಟ ಹಿಡಿದು ಗೆದ್ದವರ ಹಾಗೆ ಬಂದರು. ಮೂಸಿ ನೋಡಿದರೆ ಕಾಫಿ.

"ಟೀ ಅನ್ನಲಿಲ್ಲೇನ್ರೀ ನೀವು?"

"ಅದನ್ನೂ ಅನ್ನಬೇಕಿತ್ತೇನ? ಎಂಟ್ ಕಾಫಿ ಅಂತ ನಾನ ಬಾಯಿಬಿಟ್ಟ ಹೇಳಿದ ಮ್ಯಾಲೆ ಅಕಿ ಕಾಫಿನ ಕೊಡ್ತಾಳ. ತಪ್ಪು ಅಕೀದಲ್ಲ ಬಿಡು."

ಬ್ರೆಮೆನ್

ಬ್ರೆಮೆನ್‌ನಲ್ಲಿ ಒಂದು ರಾತ್ರಿ ತಂಗಿದೆವು. ಅಲ್ಲಿ ಒಂದು ಟೀ ಅಂಗಡಿ ಸಿಕ್ಕಿತು, ಕಿರಾಣಿ ಅಂಗಡಿಯ ಹಾಗೆ ಡಬ್ಬಿಯ ಮುಚ್ಚಳ ತೆಗೆದು ಮೂಸಲು ಕೊಡುತ್ತಾರೆ. ಅಂಗಡಿಯ ಹೆಂಗಸಿಗೆ ಬಿಳಿಕೂದಲು, ಕನ್ನಡಕ, ಮಾತಿಗಿಂತ ನಗೆ ಹೆಚ್ಚು. ನನ್ನ ಬೇಡಿಕೆ ಕೇಳಿ ಆಕೆ ಮೊದಲು ಕೊಟ್ಟದ್ದು ಕೆಂಪು ಟೀ. ಅದು ಆಫ್ರಿಕಾದ ಯಾವುದೋ ಪೊದೆಯಂತೆ, ಅದರಲ್ಲಿ ಕೆಫೀನ್ ಹುಟ್ಟಿನಿಂದಲೇ ಇಲ್ಲವಂತೆ. ಕುಡಿದೆವು. ಬಣ್ಣ ನಮ್ಮ ಎರೆಮಣ್ಣಿಗೆ ಕೆಮ್ಮಣ್ಣು ಬೆರೆಸಿದ ಹಾಗೆ, ರುಚಿ ಕಟ್ಟಿಗೆ ಅಡ್ಡೆಯ ಹಾಗೆ.

"ಇದು ಟೀ ಅಲ್ಲ," ಅಂದೆ.

"ಅಲ್ಲ," ಎಂದು ಆಕೆಯೂ ನಗುತ್ತ ಒಪ್ಪಿಕೊಂಡಳು.

ಆಮೇಲೆ ಒಳಗಿನಿಂದ ನಿಜವಾದ ಎಂಟ್ ಕಾಫಿ ನೀರಿನ ಟೀ ಬಂತು. ಎಲೆ ಕರ್ರಗೆ, ವಾಸನೆಯೂ ಪರವಾಗಿಲ್ಲ. ಒಂದಿಷ್ಟು ಕಟ್ಟಿಸಿಕೊಂಡು ಹೋಟೆಲಿಗೆ ತಂದೆ. ಕೋಣೆಯಲ್ಲಿದ್ದ ಕೆಟಲಿನಲ್ಲಿ ನೀರು ಕುದಿಸಿ, ಅಕ್ಕನ ನಾಲಿಗೆಯನ್ನು ನನ್ನ ಬಾಯಿಯಲ್ಲಿಟ್ಟುಕೊಂಡು ಕುಡಿದೆ. ತೆಳ್ಳಗೆ, ಒಗರು, ಗಂಟಲಲ್ಲಿ ಹಿಡಿಯುವಂಥದ್ದು ಏನೂ ಇಲ್ಲ. ಮತ್ತಷ್ಟು ಎಲೆ ಹಾಕಿ ಕುಡಿದೆ, ಒಗರು ಹೆಚ್ಚಾಯಿತೇ ಹೊರತು ಚಹಾ ಆಗಲಿಲ್ಲ. ಅಕ್ಕ ಇದಕ್ಕೆ ಏನನ್ನುತ್ತಾರೆಂದು ನನಗೆ ಗೊತ್ತಿತ್ತು.

ಟ್ರೇಯಲ್ಲಿ ಹಾಲಿನ ಸಣ್ಣ ಸಣ್ಣ ಡಬ್ಬಿಗಳಿದ್ದವು. ನಮ್ಮ ಮನೆಯವರು ಒಂದರ ಮುಚ್ಚಳ ಸುಲಿಯುತ್ತ, "ಒಂದ್ ಸ್ವಲ್ಪ ಹಾಲ್ ಹಾಕಿ ನೋಡಬಾರದೇನ?" ಅಂದರು.

"ಡಾಕ್ಟರು ಬ್ಲ್ಯಾಕ್ ಅಂದಾರ. ನಿಮಗ ಇಂಗ್ಲಿಷ್ ತಿಳೀತೈತೋ ನನಗ ತಿಳೀತೈತೋ?"

ಅವರು ಆ ಹಾಲನ್ನು ಹಾಗೇ ಬಾಯಿಗೆ ಹಾಕಿಕೊಂಡು ಮಲಗಿಬಿಟ್ಟರು.

ಎಲ್ಕೆಯ ಮನೆ

ಬ್ರೆಮೆನ್‌ನಿಂದ ಮತ್ತೂ ಉತ್ತರಕ್ಕೆ, ಸಮುದ್ರದ ಕಡೆಗೆ ರೈಲು ಹೊರಟಿತು. ಆ ಸೀಮೆಗೆ ಪೂರ್ವ ಫ್ರೀಸಿಯಾ ಎಂದು ಹೆಸರು. ಕಿಟಕಿಯಾಚೆ ನೋಡಿದರೆ ನೆಲ ನರಗುಂದದ ಎರೆಹೊಲದ ಹಾಗೆ ಸಪಾಟು, ಕಣ್ಣು ಎಲ್ಲಿಗೆ ಹೋದರೂ ತಡೆಯುವವರಿಲ್ಲ. ಹಸಿರು ಮಾತ್ರ ನಮ್ಮದಕ್ಕಿಂತ ನಾಲ್ಕು ಪಟ್ಟು. ಸ್ವಲ್ಪ ಹೊತ್ತಿಗೆ ಗಾಳಿಯ ಫ್ಯಾನುಗಳು ಕಾಣಿಸಿದವು, ಒಂದರ ಹಿಂದೆ ಒಂದು, ನಮ್ಮ ಗಜೇಂದ್ರಗಡದ ಗುಡ್ಡದ ಮೇಲೆ ನಿಂತ ಹಾಗೇ.

"ಅಲ್ನೋಡ, ನಮ್ಮೂರ ಬಂತು, ಇಳಿಯೂಣು ನಡಿ," ಎಂದು ನಮ್ಮ ಮನೆಯವರು ನಿಜವಾಗಿಯೂ ಚೀಲಕ್ಕೆ ಕೈಹಾಕಿದರು.

ನಮ್ಮನ್ನು ಮನೆಯಲ್ಲಿಟ್ಟುಕೊಂಡಾಕೆ ಎಲ್ಕೆ. ನನ್ನ ವಾರಿಗೆಯವಳು, ಗಂಡ ಇಲ್ಲ, ಒಂದು ದೊಡ್ಡ ಮಗ್ಗ ಇದೆ. ಮೇಳದಲ್ಲಿ ಅವಳದೂ ಅಂಗಡಿ. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಬಾಗಿಲು ತೆಗೆದವಳು ಪ್ರಯಾಣ ಹೇಗಾಯಿತು ಎಂದೂ ಕೇಳಲಿಲ್ಲ. "ಮೊದಲು ಟೀ," ಅಂದಳು. ಎಲಾ ಇವಳ! ಇಷ್ಟು ದೂರ ಬಂದು ನಮ್ಮವರ ಮನೆಗೇ ಬಂದೆವಲ್ಲ ಅನ್ನಿಸಿತು.

ಅವರು ಟೀ ಕುಡಿಯುವ ರೀತಿಯೇ ಒಂದು ಪೂಜೆ. ಅಂಗೈಯಲ್ಲಿ ಅಡಗುವಂಥ ತೆಳುವಾದ ಕಪ್ಪು. ಅದರ ತಳಕ್ಕೆ ಒಂದು ಕಲ್ಲುಸಕ್ಕರೆ. ಹೌದು, ನಮ್ಮ ಕಲ್ಲುಸಕ್ಕರೆಯೇ, ಬಾಯಿ ಕೆಟ್ಟಾಗ ಮಕ್ಕಳಿಗೆ ಕೊಡುತ್ತೇವಲ್ಲ ಅದು. ಅದರ ಮೇಲೆ ಕರ್ರಗಿನ ಬಿಸಿ ಟೀ ಬಿದ್ದಾಗ ಕಲ್ಲುಸಕ್ಕರೆ ಚಟ್ ಎಂದು ಸಿಡಿಯುತ್ತದೆ. ಆ ಸದ್ದಿಗಾಗಿ ಎಲ್ಕೆ ಕಿವಿ ಕೊಟ್ಟು ಕೂಡುತ್ತಾಳೆ. ಆಮೇಲೆ ಸಣ್ಣ ಸೌಟಿನಿಂದ ಹಾಲಿನ ಕೆನೆಯನ್ನು ಕಪ್ಪಿನ ಅಂಚಿಗೆ ಇಳಿಬಿಡುತ್ತಾಳೆ. ಕೆನೆ ತಳಕ್ಕೆ ಹೋಗಿ ಮೋಡದ ಹಾಗೆ ಮೇಲೆದ್ದು ಬರುತ್ತದೆ. ಕಲಕಬಾರದು. ಮೊದಲ ಗುಟುಕು ಕೆನೆ, ನಡುವೆ ಖಡಕ್ ಚಹಾ, ಕಡೆಗೆ ಸಿಹಿ.

ಕಲಕಬಾರದು ಎಂದು ಅವಳು ಹೇಳುವಷ್ಟರಲ್ಲಿ ನಮ್ಮ ಮನೆಯವರು ಚಮಚ ಹಾಕಿ ಗರಗರ ತಿರುವಿಯಾಗಿತ್ತು. ಎಲ್ಕೆ ಕಣ್ಣು ಮುಚ್ಚಿಕೊಂಡಳು. ಮುಂದೆ ಅವರು ಅದನ್ನು ಬಸಿಗೆ ಹೊಯ್ದು ಸುರ್ರೆಂದು ಎಳೆದರು. ನಾನು ನಾಚಿಕೆಯಿಂದ ಸತ್ತೆ. ಎಲ್ಕೆ ಮಾತ್ರ ಕಣ್ಣು ಬಿಟ್ಟು, "ನನ್ನ ಅಜ್ಜ ಹೀಗೇ ಕುಡಿಯುತ್ತಿದ್ದ!" ಎಂದು ಅವರ ಕಪ್ಪನ್ನು ಮತ್ತೆ ತುಂಬಿದಳು.

ಅದನ್ನು ಮುಗಿಸಿದರು, ಮತ್ತೆ ತುಂಬಿದಳು. "ಸಾಕ್ರಿ" ಅಂದರು, ತುಂಬಿದಳು. "ಖರೇನ ಸಾಕ್ರಿ, ನಿಮ್ಮ ಹೆಸರ ಹೇಳಿ ಕುಡದೇನಿ" ಅಂದರು, ತುಂಬಿದಳು. ನಮ್ಮೂರಿನ ಮರ್ಯಾದೆಯವರು ಅವರು, ಕಪ್ಪಿನಲ್ಲಿ ಬಿಟ್ಟು ಏಳುವುದು ಗೊತ್ತಿಲ್ಲ. ನಮ್ಮಲ್ಲೂ ಸಾಕು ಅಂದವರಿಗೇ ಹೆಚ್ಚು ಬಡಿಸುವ ಪದ್ಧತಿ, ಹೀಗಾಗಿ ದೂರುವಂತೆಯೂ ಇಲ್ಲ. ಅವರ ಹಣೆಯಲ್ಲಿ ಬೆವರೊಡೆದ ಮೇಲೆ ಎಲ್ಕೆಯೇ ಕೇಳಿದಳು: "ಇವರು ಚಮಚವನ್ನು ಕಪ್ಪಿನೊಳಗೆ ಇಡುವುದೇ ಇಲ್ಲವಲ್ಲ?" ಆ ಸೀಮೆಯಲ್ಲಿ ಚಮಚ ಇರುವುದು ಕಲಕಲು ಅಲ್ಲವಂತೆ. ಸಾಕಾದವರು ಅದನ್ನು ಕಪ್ಪಿನೊಳಗೆ ಇಡಬೇಕು. ಬಸಿಯಲ್ಲೇ ಇದ್ದರೆ ಇನ್ನೂ ಬೇಕು ಎಂದು ಅರ್ಥ. ನಮ್ಮ ಮನೆಯವರು ಚಮಚವನ್ನು ಕಪ್ಪಿಗೆ ಹಾಕಿದ ರಭಸಕ್ಕೆ ಕಪ್ಪು ಒಡೆಯದೆ ಉಳಿದದ್ದು ನಮ್ಮ ಪುಣ್ಯ.

ಆ ಚಹಾ ಹೇಗಿತ್ತೆಂದರೆ, ಎರಡನೆಯ ಗುಟುಕಿಗೆ ನನ್ನ ಕಣ್ಣು ತುಂಬಿತು. ಹುಬ್ಬಳ್ಳಿ ಬಿಟ್ಟ ಮೇಲೆ ಮೊದಲ ಸಲ ಬಾಯಿಗೆ ಚಹಾ ಬಿದ್ದಿತ್ತು. ಗಂಟಲು ಹಿಡಿಯುವಂಥ ಖಡಕ್ಕು, ಎಮ್ಮೆಯ ಹಾಲನ್ನು ನೆನಪಿಸುವ ಕೆನೆ. ಇದನ್ನು ಕುಡಿಯಬೇಕಾದವರು ಅಲ್ಲಿ ಅಗಳಿ ಹಾಕಿಕೊಂಡು ಕುಳಿತಿದ್ದಾರೆ, ನಾನಿಲ್ಲಿ ಕುಡಿಯುತ್ತಿದ್ದೇನೆ ಅನ್ನಿಸಿತು. ಎಲ್ಕೆ ಏನಾಯಿತೆಂದು ಕೇಳಿದಳು. ಅಕ್ಕನ ಕಥೆಯನ್ನೆಲ್ಲ ಹೇಳಿದೆ. ಡಿಕಾಕ್ಷನ್ನಿನ ಭಾಗ ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮೇಳದ ಕೊನೆಯ ಸಂಜೆ

ಮೇಳದ ದಿನಗಳು ಗಡಿಬಿಡಿಯಲ್ಲಿ ಹೋದವು. ಒಬ್ಬಾಕೆ ಪ್ಯಾಂಟಿನ ಮೇಲೇ ನಮ್ಮ ಸೀರೆ ಉಟ್ಟು, ಮಳೆಯಂಗಿಯನ್ನು ಸೆರಗಿನ ಮೇಲೆ ಹಾಕಿಕೊಂಡು ಊರೆಲ್ಲ ಅಡ್ಡಾಡಿದಳು. ನಾನು ಮಾತ್ರ ಬಿಡುವು ಸಿಕ್ಕಾಗ ಅಂಗಡಿ ಅಂಗಡಿ ಸುತ್ತಿ, ಎಂಟ್ ಕಾಫಿ ನೀರಿನ ಟೀ ತಂದು, ಹಾಲಿಲ್ಲದೆ ಕುಡಿದು, ಎಲ್ಕೆಯ ತೊಟ್ಟಿಗೆ ಸುರುವುತ್ತಿದ್ದೆ. ನಾಳೆ ಹೊರಡಬೇಕು ಅನ್ನುವ ಸಂಜೆ ಬರಿಗೈಯಲ್ಲಿ ಕುಳಿತಿದ್ದೆ. ಅಕ್ಕನಿಗೆ ಏನು ಮುಖ ತೋರಿಸಲಿ ಎಂಬುದೊಂದೇ ತಲೆಯಲ್ಲಿ.

ಎಲ್ಕೆ ಒಳಗೆ ಹೋಗಿ ಒಂದು ಸವೆದ ನೀಲಿ ಡಬ್ಬಿ ತಂದಳು. "ಸಂಜೆಯ ಮೇಲೆ ನಾನು ಕುಡಿಯುವುದು ಇದನ್ನು. ನನ್ನ ಹೃದಯವೂ ನಿನ್ನ ಅಕ್ಕನದರ ಹಾಗೇ ಕುಣಿಯುತ್ತದೆ. ಈ ಕೆಫೀನ್ ತೆಗೆಯುವ ವಿದ್ಯೆ ಹುಟ್ಟಿದ್ದೇ ನೀವು ಇಳಿದ ಬ್ರೆಮೆನ್‌ನಲ್ಲಿ, ನಾವು ಕಲಿಯದೆ ಇರುತ್ತೇವೆಯೇ?"

"ಇದನ್ನ ಮೊದಲ ದಿನಾನ ಯಾಕ ತೋರಿಸಲಿಲ್ಲಂತ ಕೇಳು," ಅಂದರು ನಮ್ಮ ಮನೆಯವರು. ಕೇಳಿದೆ. "ನೀನು ತಂದದ್ದನ್ನೆಲ್ಲ ಒಂದು ಗುಟುಕು ಕುಡಿದು ಚೆಲ್ಲುತ್ತಿದ್ದೆ, ನನ್ನ ಡಬ್ಬಿ ತೆಗೆಯಲು ಹೆದರಿಕೆಯಾಯಿತು," ಅಂದಳು.

ಟೀ ಇಳಿಸಿದಳು, ಕಲ್ಲುಸಕ್ಕರೆ ಚಟ್ಟೆಂದಿತು. ಕೆನೆಯ ಸೌಟು ಎತ್ತುತ್ತಲೇ ನಾನು ಕಪ್ಪಿನ ಮೇಲೆ ಅಂಗೈ ಮುಚ್ಚಿದೆ.

"ಕೆನೆ ಬೇಡ. ನನಗೆ ಬ್ಲ್ಯಾಕ್ ಟೀ ಬೇಕು."

"ಇದು ಬ್ಲ್ಯಾಕ್ ಟೀಯೇ."

"ಕೆನೆ ಹಾಕಿದರೆ ಅಲ್ಲವಲ್ಲ?"

"ಕೆನೆ ಹಾಕಿದರೆ, ಕೆನೆ ಹಾಕಿದ ಬ್ಲ್ಯಾಕ್ ಟೀ," ಅಂದಳು ಎಲ್ಕೆ. ನನ್ನ ಮುಖ ನೋಡಿ ಸೌಟು ಕೆಳಗಿಟ್ಟಳು. ಡಬ್ಬಿಯಿಂದ ಒಂದು ಚಿಟಿಕೆ ಎಲೆ ತೆಗೆದು ನನ್ನ ಅಂಗೈಗೆ ಹಾಕಿದಳು. "ನೋಡು, ಇದರ ಬಣ್ಣ ಯಾವುದು? ಹಸಿರು ಎಲೆಯದು ಗ್ರೀನ್ ಟೀ. ಎಲೆ ಬಾಡಿಸಿ ಕಪ್ಪಗೆ ಮಾಡಿದ್ದು ಬ್ಲ್ಯಾಕ್ ಟೀ. ಅದಕ್ಕೆ ಹಾಲು ಹಾಕುವುದು ಬಿಡುವುದು ನಿನ್ನ ಇಷ್ಟ. ಮೊದಲ ದಿನ ನೀನು ಅಳುತ್ತ ಕುಡಿದದ್ದೂ ಬ್ಲ್ಯಾಕ್ ಟೀಯೇ."

ಅಂದರೆ ಅಕ್ಕ ಜೀವಮಾನವಿಡೀ ಕುದಿಸಿದ್ದೂ ಬ್ಲ್ಯಾಕ್ ಟೀ. ನಮ್ಮ ಎಮ್ಮೆಯ ಹಾಲು ಬಿದ್ದ ಮೇಲೂ ಬ್ಲ್ಯಾಕ್ ಟೀ! ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ರೋಣದ ಮಕ್ಕಳಿಗೆ ಹೇಳಿಕೊಡುತ್ತಿದ್ದವಳು ನಾನು. ಬ್ಲ್ಯಾಕ್ ಎಂದದ್ದೆಲ್ಲ ಹಾಲಿಲ್ಲದ್ದಲ್ಲ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮಾನ ಉಳಿಸಿಕೊಳ್ಳಲು ನನಗೆ ಇನ್ನೂ ಒಂದು ಆಸೆ ಉಳಿದಿತ್ತು, ಡಾಕ್ಟರು ಹಾಲು ಬೇಡ ಅಂದಿರಬಹುದು ಎಂದು. ನಮ್ಮ ಮನೆಯವರು ತಡಮಾಡದೆ, ಅಲ್ಲಿ ರಾತ್ರಿಯಾಗಿದ್ದರೂ, ಗದಗಿನ ಡಾಕ್ಟರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಇಟ್ಟರು.

"ಡಾಕ್ಟರ, ಬ್ಲ್ಯಾ‌ಕ್ ಟೀ ಅಂದಿದ್ರೆಲ್ಲ, ಅದಕ್ಕ ಹಾಲ ಹಾಕಬಾರದೇನ್ರಿ?"

"ಹಾಲಿಗೆ ನಾ ಯಾವಾಗ ಬ್ಯಾಡ ಅಂದೇನ್ರಿ? ಕೆಫೀನ್ ತಗದ ಪುಡಿ ಆದ್ರ ದಿನಕ್ಕ ಒಂದ್ ಕಪ್ಪು ಕುಡೀಲಿ, ಹಾಲ ಹಾಕ್ರಿ, ಅಡ್ಡಿ ಇಲ್ಲ. ಯಾರು ಹೇಳಿದ್ರು ಹಾಲು ಬ್ಯಾಡಂತ?"

"ನಮ್ಮ ಮನಿಯಾಗ ಒಬ್ರು ಇಂಗ್ಲಿಷ್ ಟೀಚರ್ ಅದಾರ್ರಿ," ಅಂದರು ನಮ್ಮ ಮನೆಯವರು.

ನಾನು ಕಪ್ಪಿನ ಮೇಲಿನ ಕೈ ತೆಗೆದೆ. ಕೆನೆ ಮೋಡವಾಗಿ ಎದ್ದಿತು. ಕುಡಿದೆ. ಮೊದಲ ದಿನದಷ್ಟು ಖಡಕ್ಕಿರಲಿಲ್ಲ, ಸುಳ್ಳು ಯಾಕೆ ಹೇಳಲಿ? ಆದರೆ ಅದು ಚಹಾ ಆಗಿತ್ತು. ತುಂಬಿದ ಮನೆಯಲ್ಲಿ ಕುಳಿತು ಕುಡಿಯುವಂಥ, ಯಾರೂ ಮುಖ ಸಣ್ಣದು ಮಾಡದಂಥ ಚಹಾ. ಚಮಚವನ್ನು ಬಸಿಯಲ್ಲೇ ಬಿಟ್ಟೆ. ಎಲ್ಕೆ ಮತ್ತೆ ತುಂಬಿದಳು.

ಗಜೇಂದ್ರಗಡ, ಮರಳಿ

ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಮಿರ್ಚಿ ಭಜಿಯ ಎಣ್ಣೆಯ ವಾಸನೆ ಬಂದು ಅಪ್ಪಿಕೊಂಡಿತು. ಚೀಲದಲ್ಲಿ ಎಲ್ಕೆಯ ನೀಲಿ ಡಬ್ಬಿಯಂಥದೇ ಹೊಸ ಡಬ್ಬಿಗಳು. ಒಂದು ಪೊಟ್ಟಣ ಕಲ್ಲುಸಕ್ಕರೆಯನ್ನೂ ನಮ್ಮ ಮನೆಯವರು ಹೊತ್ತು ತಂದಿದ್ದರು. ನಮ್ಮ ಪೇಟೆಯಲ್ಲಿ ಇದು ಸಿಗುವುದಿಲ್ಲವೇ ಎಂದು ಕೇಳಿದರೆ, "ಅದು ಸಿಡಿಯಂಗಿಲ್ಲ" ಎನ್ನುತ್ತಾರೆ.

ಸಂಜೆ ನನ್ನ ಒಲೆಯ ಮೇಲೆ ನೀರಿಟ್ಟೆ. ಮದುವೆಯಾದ ಮೇಲೆ ಸಂಜೆಯ ಹಾಲಿನ ಚಹಾಕ್ಕೆ ನಾನು ಕೈ ಹಾಕಿದ್ದು ಇದೇ ಮೊದಲು. ಶುಂಠಿ ಜಜ್ಜಿದೆ, ಹೊಸ ಪುಡಿ ಹಾಕಿದೆ, ಎಮ್ಮೆಯ ಹಾಲು ಹೊಯ್ದು ಉಕ್ಕಿಸಿದೆ. ಎರಡು ಕಪ್ಪು ಬಸಿಯಲ್ಲಿ ಹಿಡಿದುಕೊಂಡು ಮೊಣಕೈಯಿಂದ ಬಾಗಿಲು ಬಡಿದೆ. ಅಗಳಿ ತೆಗೆಯಲು ಬಹಳ ಹೊತ್ತು ಹಿಡಿಯಿತು.

ಅಕ್ಕ ಕಪ್ಪಿನೊಳಗೆ ಬಗ್ಗಿ ನೋಡಿದರು. "ಇದಕ್ಕ ಹಾಲ್ ಯಾಕ ಹಾಕೀ? ಬ್ಲ್ಯಾಕ್ ಅಂದ್ರ ಹಾಲ ಇಲ್ಲದ್ದಂತ ನೀನ ಕುಂಡರಿಸಿ ಹೇಳಿದ್ದೆಲ್ಲ?"

"ಕರೀದು ಅಂದ್ರ ಎಲಿ ಅಂತರೀ ಅಕ್ಕಾರ," ಅಂದೆ ನೆಲ ನೋಡುತ್ತ.

"ಮತ್ತ ಹಾಲು?"

"ಹಾಲಿಗೆ ಮೊದಲಿಂದಾನೂ ಅಡ್ಡಿ ಇರಲಿಲ್ಲಂತ."

ಅಕ್ಕ ಕಪ್ಪಿನಿಂದ ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಸೆರಗು ಬಾಯಿಗೆ ಹೋಯಿತು, ಮೈಯೆಲ್ಲ ಕುಲುಕತೊಡಗಿತು. "ಯವ್ವಾ ನಮ್ಮ ಇಂಗ್ಲಿಷ್ ಟೀಚರ! ನನ್ನ ಡಿಕಾಕ್ಷನ್ ಸುದ್ದಿ ನರಗುಂದದ ತನಕಾ ಮುಟ್ಟಿಸಿ ಬಂದಿ. ತಡಿ, ನಿಂದು ನಾ ಜಕ್ಕಲಿ ತನಕಾ ಮುಟ್ಟಸ್ತೇನಿ. ನಾಳೆನ ಹೋಗತೇನಿ. ಪುರ್ತಗೇರಿಯವ್ರಿಗೂ ಹೇಳಿ ಬರತೇನಿ!"

ನಾಳೆ ಹೋಗುತ್ತೇನೆ ಅಂದರು! ನನ್ನ ಮಾನ ಎರಡೆರಡು ಊರಿನಲ್ಲಿ ಹರಾಜಾಗುವ ಸುದ್ದಿಗೆ ನಾನು ಇಷ್ಟು ಖುಷಿಪಟ್ಟದ್ದು ಹಿಂದೆಂದೂ ಇಲ್ಲ.

ಅಕ್ಕ ಬಸಿಗೆ ಹೊಯ್ದರು, ಊದಿದರು, ಸುರ್ರೆಂದು ಎಳೆದರು. ನಾನು ಎದುರಿಗೆ ಕುಳಿತು ನನ್ನದನ್ನು ಕುಡಿದೆ. ಅವರು ಕಪ್ಪನ್ನು ಪೂರ್ತಿ ಖಾಲಿ ಮಾಡಿದರು. ಬಸಿ ಕೆಳಗಿಟ್ಟು ಬಾಯಿ ಒರೆಸಿಕೊಂಡರು.

"ಚಲೋ ಇಲ್ಲ."

ಫ್ರಾಂಕ್‌ಫರ್ಟು, ಬ್ರೆಮೆನ್, ಎಲ್ಕೆ, ಎಲ್ಲ ನೀರಲ್ಲಿ ಹೋಮ.

"ಪುಡಿಗೇನೂ ಆಗಿಲ್ಲ, ಪುಡಿ ಚಲೋ ಐತಿ," ಅಂದರು ಅಕ್ಕ, ಮೊಣಕಾಲ ಮೇಲೆ ಕೈಯೂರಿ ಏಳುತ್ತ. "ನಿನಗ ಚಾ ಮಾಡಾಕ ಬರಂಗಿಲ್ಲ. ಶುಂಠಿ ಹೆಚ್ಚು, ಕುದಿ ಕಡಿಮಿ. ಎಲ್ಲಿ, ಆ ಡಬ್ಬಿ ಇಲ್ಲಿ ಕೊಡು."

ಡಬ್ಬಿ ತಂದುಕೊಟ್ಟೆ. ಕಂಕುಳಲ್ಲಿ ಇಟ್ಟುಕೊಂಡು ಅಡುಗೆಮನೆಗೆ ನಡೆದರು. ನಾನು ಖಾಲಿ ಕಪ್ಪುಗಳನ್ನು ಎತ್ತಿಕೊಂಡು ನನ್ನ ಮನೆಯ ಕಡೆ ಹೊರಟೆ. ಬಾಗಿಲು ಎಳೆದುಕೊಳ್ಳಬೇಕು ಅನ್ನುವಷ್ಟರಲ್ಲಿ ಒಳಗಿನಿಂದ ಅವರ ದನಿ ಬಂತು.

"ಬಾಗಿಲಾ ಹಂಗ ಇರಲಿ ಬಿಡ. ನಾಳೆ ಹಾಲ ಲಗೂ ತಗೊಂಡ್ ಬಾ."